ಹಕ್ಕಿಗಳ ಮಲೇರಿಯಾ ಮತ್ತು ಸರ್ ರೊನಾಲ್ಡ್ ರಾಸ್
ಸರ್ ರೊನಾಲ್ಡ್ ರಾಸ್ 1857ರ ಮೇ 13ರಂದು ಆಲ್ಮೋರದಲ್ಲಿ ಜನಿಸಿದರು. 1883ರಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೇನಾ ವೈದ್ಯರಾಗಿದ್ದಾಗ, ತಮ್ಮ ಬಂಗಲೆಯ ಕಿಟಕಿಯ ಬಳಿಯಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬರಿದು ಮಾಡಿದರು; ಸೊಳ್ಳೆಗಳ ಕಾಟ ತಗ್ಗಿತು. 1895ರಲ್ಲಿ ಕಾಲರಾ ನಿಯಂತ್ರಣಕ್ಕಾಗಿ ಮತ್ತೆ ಇಲ್ಲಿಗೆ ನಿಯೋಜಿತರಾದರು.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರೋಪಜೀವಿಯನ್ನು ಗುರುತಿಸಿದರು. ಆದರೆ ರೋಗ ಹರಡುವ ಬಗೆಯನ್ನು ಸಾಧಿಸಿ ತೋರಿಸಿದ್ದು ಹಕ್ಕಿಗಳಲ್ಲಿ. 1898ರಲ್ಲಿ ಕಲ್ಕತ್ತೆಯಲ್ಲಿ ಸೊಳ್ಳೆಯ ಲಾಲಾಗ್ರಂಥಿಯಲ್ಲಿ ರೋಗಾಣುವನ್ನು ಕಂಡು, ಅಂಥ ಸೊಳ್ಳೆಗಳು ಕಚ್ಚಿದ ಆರೋಗ್ಯವಂತ ಗುಬ್ಬಚ್ಚಿಗಳು ರೋಗಕ್ಕೀಡಾಗುವುದನ್ನು ದೃಢಪಡಿಸಿದರು. 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅವರು 1932ರಲ್ಲಿ ನಿಧನರಾದರು.

ಕೋಳಿ ಸಿಡುಬನ್ನೂ ಸೊಳ್ಳೆಗಳು ಹರಡುತ್ತವೆ. ಆದುದರಿಂದ ಕೋಳಿಮನೆಯ ಸುತ್ತ ನಿಂತ ನೀರನ್ನು ರೈತರು ವಾರಕ್ಕೊಮ್ಮೆಯಾದರೂ ತಪ್ಪದೆ ಬರಿದು ಮಾಡಬೇಕು.