ಒಬ್ಬ ಲೇಖಕ, ಒಂದು ಜಾಗ: ಪನಿಜ್ಜಿ ಅವರ ಜೀವನ

ಲೈಬ್ರರಿಯ ಪಟ್ಟಿಯಲ್ಲಿ ಒಂದು ಪುಸ್ತಕವನ್ನು ಕುವೆಂಪು ಹೆಸರಿನಲ್ಲೂ ಇನ್ನೊಂದನ್ನು ಕೆ.ವಿ. ಪುಟ್ಟಪ್ಪ ಹೆಸರಿನಲ್ಲೂ ಬರೆದುಬಿಟ್ಟರೆ, ವಿಷಯ ಗೊತ್ತಿಲ್ಲದವನು ಇವರಿಬ್ಬರೂ ಬೇರೆ ಬೇರೆ ಎಂದೇ ತಿಳಿಯುತ್ತಾನೆ. ಹಾಗಾಗದಂತೆ ಎಲ್ಲ ಹೆಸರುಗಳನ್ನೂ ಒಂದು ಕಡೆಗೆ ಸೇರಿಸುವ ಕೆಲಸವನ್ನು ಈಗ ಅಥಾರಿಟಿ ಕಂಟ್ರೋಲ್ ಎನ್ನುತ್ತಾರೆ. ಅದಕ್ಕೆ ಗಟ್ಟಿ ಅಡಿಪಾಯ ಹಾಕಿದವರಲ್ಲಿ ಒಬ್ಬರು ಮರಣದಂಡನೆಯಿಂದ ತಪ್ಪಿಸಿಕೊಂಡು ಬಂದ ವಕೀಲರು!

ಆಂಟೋನಿಯೊ ಪನಿಜ್ಜಿ 1797ರಲ್ಲಿ ಇಟಲಿಯ ಬ್ರೆಶೆಲ್ಲೊ ಊರಿನಲ್ಲಿ ಹುಟ್ಟಿದರು. ಪಾರ್ಮಾದಲ್ಲಿ ಕಾನೂನು ಓದಿದರು. ಮೊಡೆನಾದ ದೊರೆಯ ವಿರುದ್ಧದ ಗುಪ್ತ ಸಂಘಕ್ಕೆ ಸೇರಿದ್ದರಿಂದ 1822ರಲ್ಲಿ ದೇಶ ಬಿಟ್ಟು ಓಡಬೇಕಾಯಿತು. ಮರುವರ್ಷ ಅವರಿಲ್ಲದೆಯೇ ಗಲ್ಲು ಶಿಕ್ಷೆ ವಿಧಿಸಿದರು. ಆ ಶಿಕ್ಷೆಯ ಖರ್ಚಿನ ಬಿಲ್ಲನ್ನೂ ಅವರಿಗೇ ಕಳಿಸಿದ್ದರಂತೆ. ಇದನ್ನು ಯಾವ ಖಾತೆಗೆ ಹಾಕಬೇಕೋ, ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಇಲ್ಲ.

ಇಂಗ್ಲೆಂಡಿಗೆ ಬಂದವರು ಲಿವರ್‌ಪೂಲಿನಲ್ಲಿ ಇಟಾಲಿಯನ್ ಪಾಠ ಹೇಳಿ ಹೊಟ್ಟೆ ಹೊರೆದರು. 1831ರಲ್ಲಿ ಬ್ರಿಟಿಷ್ ಮ್ಯೂಸಿಯಂ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. 1837ರಲ್ಲಿ ಮುದ್ರಿತ ಪುಸ್ತಕಗಳ ವಿಭಾಗದ ಮುಖ್ಯಸ್ಥರಾದಾಗ, ಹೊರದೇಶದವನಿಗೆ ಈ ಹುದ್ದೆಯೇ ಎಂದು ಹಲವರು ಸಿಟ್ಟಾದರು.

ಆಗ ಅಲ್ಲಿ ಸುಮಾರು 2 ಲಕ್ಷ 35 ಸಾವಿರ ಪುಸ್ತಕಗಳಿದ್ದವು. ಇಷ್ಟನ್ನು ಹಲವು ಜನ ತಮಗೆ ತೋಚಿದಂತೆ ಪಟ್ಟಿ ಮಾಡಿದರೆ ಒಬ್ಬನೇ ಲೇಖಕ ನಾಲ್ಕು ಕಡೆ ಹಂಚಿಹೋಗುತ್ತಾನೆ. ಅದಕ್ಕೇ ಪನಿಜ್ಜಿ ಮತ್ತು ಸಂಗಡಿಗರು ಕೂತು 91 ನಿಯಮಗಳನ್ನು ಮಾಡಿದರು. ಅವು 1841ರಲ್ಲಿ ಅಚ್ಚಾದವು. ಲೇಖಕ ಸುಳ್ಳು ಹೆಸರಿನಲ್ಲಿ ಬರೆದಿದ್ದರೆ ಆ ಹೆಸರಿನಲ್ಲೇ ಸೇರಿಸಿ, ನಿಜ ಹೆಸರು ಗೊತ್ತಾದರೆ ಪಕ್ಕದಲ್ಲಿ ಬರೆಯಬೇಕು. ಬೇರೆ ಹೆಸರಿನಿಂದ ಹುಡುಕುವವನಿಗೆ ಇಂಥ ಕಡೆ ನೋಡಿ ಎಂದು ದಾರಿ ತೋರಿಸಬೇಕು. ನನಗೆ ಹಿಡಿಸಿದ್ದು ಇನ್ನೊಂದು ನಿಯಮ. ಪೂರ್ವ ದೇಶಗಳ ಲೇಖಕರನ್ನು ಸಾಮಾನ್ಯವಾಗಿ ಅವರ ಮೊದಲ ಹೆಸರಿನಲ್ಲೇ ಇಡಬೇಕು ಎಂದಿದ್ದರು. ನಮ್ಮ ಮನೆಯಲ್ಲಿ ಯಾರಿಗೂ ಸರ್‌ನೇಮ್ ಇಲ್ಲ. ಆದರೂ ಪ್ರತಿ ಅರ್ಜಿಯಲ್ಲೂ ಆ ಖಾನೆ ತುಂಬಬೇಕು, ಅಬ್ಬಾ ಒಂದೊಂದು ಸಲ ಒಂದೊಂದು ಬರೆಯುತ್ತಾರೆ. ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ಮೊಹಮ್ಮದ್ ಎಂದು ಪೂರ್ತಿ ಇದೆ, ಪಾಸ್‌ಬುಕ್ಕಿನಲ್ಲಿ ಬರೀ ಎಂಡಿ. ಸ್ಕಾಲರ್‌ಶಿಪ್ಪಿಗಾಗಿ ಇಬ್ಬರೂ ನಾನೇ ಎಂದು ತೋರಿಸಲು ಮೂರು ಸಲ ಅಲೆದೆ. 180 ವರ್ಷಗಳ ಹಿಂದೆಯೇ ಲಂಡನ್ನಿನಲ್ಲಿ ಒಬ್ಬರು ನಮ್ಮಂಥ ಹೆಸರುಗಳ ಬಗ್ಗೆ ಯೋಚಿಸಿದ್ದರು ಎಂದು ತಿಳಿದು ಆಶ್ಚರ್ಯವಾಯಿತು.

ಆದರೆ ಎಲ್ಲರೂ ಮೆಚ್ಚಲಿಲ್ಲ. ಕ್ಯಾಟಲಾಗ್ ಯಾಕೆ ಇಷ್ಟು ನಿಧಾನ, ಇಷ್ಟೊಂದು ನಿಯಮ ಯಾಕೆ ಎಂದು ದೂರುಗಳು ಬಂದವು. ಹೆಸರಾಂತ ಲೇಖಕ ಥಾಮಸ್ ಕಾರ್ಲೈಲ್ ಕೂಡ ಅವರ ವಿರೋಧಿಯೇ. 1847ರಲ್ಲಿ ವಿಚಾರಣಾ ಆಯೋಗ ಕೂತಿತು. ಇದೇನು ಮಹಾ ಕೆಲಸ ಎಂದು ತೋರಿಸಲು ಜಾನ್ ಪೇನ್ ಕಾಲಿಯರ್ ಎಂಬ ವಿದ್ವಾಂಸರು ಒಂದು ಗಂಟೆಯಲ್ಲಿ 25 ಪುಸ್ತಕಗಳ ಪಟ್ಟಿ ಬರೆದು ತಂದರು. ಪನಿಜ್ಜಿ ಅದನ್ನು ತಮ್ಮ ಸಹಾಯಕ ಜಾನ್ ವಿಂಟರ್ ಜೋನ್ಸ್ ಕೈಗೆ ಕೊಟ್ಟರು. ಲೇಖಕನ ಮೊದಲ ಹೆಸರು ಬಿಟ್ಟಿರುವುದು, ತಪ್ಪು ಹೆಸರಿನಡಿ ಸೇರಿಸಿರುವುದು, ಹೀಗೆ ತಪ್ಪುಗಳು ಸಾಲಾಗಿ ಹೊರಬಿದ್ದವು. 1850ರ ವರದಿ ಪನಿಜ್ಜಿ ಪರವಾಗಿಯೇ ಬಂತು.

1856ರಲ್ಲಿ ಇಡೀ ಮ್ಯೂಸಿಯಮ್ಮಿನ ಮುಖ್ಯಸ್ಥರಾದರು. ಮರುವರ್ಷ ಅವರೇ ಯೋಚಿಸಿದ ದುಂಡನೆಯ ಓದುವ ಕೋಣೆ ತೆರೆಯಿತು. 1866ರಲ್ಲಿ ನಿವೃತ್ತಿ, 1869ರಲ್ಲಿ ಸರ್ ಪದವಿ. 1879ರ ಏಪ್ರಿಲ್ 8ರಂದು ಲಂಡನ್ನಿನಲ್ಲಿ ತೀರಿಕೊಂಡರು.

ತಮಾಷೆಯೆಂದರೆ, ಇಟಲಿಯ ಆಂಟೋನಿಯೊ ಇಂಗ್ಲೆಂಡಿನಲ್ಲಿ ಆಂಥೊನಿ ಆಗಿದ್ದರು. ಅವರ ಬಗ್ಗೆ ಪುಸ್ತಕ ಹುಡುಕುವವರು ಎರಡೂ ಹೆಸರು ಹಾಕಿ ನೋಡಿ.