ಜೆ.ಆರ್.ಡಿ. ಟಾಟಾ ಮತ್ತು ಜಂಬೋ ವಿಮಾನ

ಭಾರತದಲ್ಲಿ ವಿಮಾನ ಚಾಲನೆಯ ಮೊದಲ ಪರವಾನಗಿ ಪಡೆದವರು ಜೆ.ಆರ್.ಡಿ. ಟಾಟಾ. 1904ರ ಜುಲೈ 29ರಂದು ಪ್ಯಾರಿಸ್‌ನಲ್ಲಿ ಹುಟ್ಟಿದ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬೈಗೆ ಪುಟ್ಟ ವಿಮಾನವೊಂದನ್ನು ತಾವೇ ಹಾರಿಸಿಕೊಂಡು ಬಂದರು. ಅದರಲ್ಲಿ ಇದ್ದದ್ದು ಅಂಚೆ ಮಾತ್ರ. ಅವರ ಆ ಸಂಸ್ಥೆಯೇ 1946ರಲ್ಲಿ ಏರ್ ಇಂಡಿಯಾ ಆಯಿತು. 1953ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡರೂ ಅಧ್ಯಕ್ಷರಾಗಿ ಅವರೇ ಮುಂದುವರಿದರು.

1971ರಲ್ಲಿ ಮೊದಲ ಬೋಯಿಂಗ್ 747 ಬಂತು. ಹೆಸರು ಎಂಪರರ್ ಅಶೋಕ. ಮುನ್ನೂರಕ್ಕೂ ಹೆಚ್ಚು ಸೀಟು, ಅಂದರೆ ನಮ್ಮ ಜಯನಗರದ ಆರೇಳು ಸಿಟಿ ಬಸ್ಸುಗಳಷ್ಟು ಜನ! ಕಾಮರ್ಸ್ ಓದುವ ನಮಗೆ ಈ ಲೆಕ್ಕ ಹೊಸದಲ್ಲ. ಸೀಟು ತುಂಬಿದರೆ ತಲಾ ವೆಚ್ಚ ಇಳಿಯುತ್ತದೆ. ಅರ್ಧ ಖಾಲಿ ಹೋದರೂ ಇಂಧನ, ಸಿಬ್ಬಂದಿಯ ಖರ್ಚು ಹೆಚ್ಚೂಕಡಿಮೆ ಅಷ್ಟೇ. ಇಂದು ಮಾರಾಟವಾಗದ ಸೀಟನ್ನು ಗೋದಾಮಿನಲ್ಲಿಟ್ಟು ನಾಳೆ ಮಾರಲು ಆಗುವುದಿಲ್ಲವಲ್ಲ! ಹಾಗಾಗಿ ಜನರನ್ನು ಸೆಳೆಯಲು ಕಿಟಕಿಗಳ ಸುತ್ತ ಝರೋಕಾದಂತೆ ಕಮಾನು ಬಿಡಿಸಿ, ಅದನ್ನು ಆಕಾಶದ ಅರಮನೆ ಎಂದು ಪ್ರಚಾರ ಮಾಡಿದರು. ಟಾಟಾ ಅವರು ಪ್ರಯಾಣದಲ್ಲಿ ಚಹಾದ ಬಣ್ಣ, ಶೌಚಾಲಯದ ಸ್ವಚ್ಛತೆಯನ್ನೂ ಗಮನಿಸಿ ಟಿಪ್ಪಣಿ ಕಳಿಸುತ್ತಿದ್ದರು. ನನಗೆ ಬಣ್ಣದ ಕಿಟಕಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

1978ರ ಜನವರಿ 1ರಂದು ಅದೇ ವಿಮಾನ ಮುಂಬೈ ಬಳಿ ಸಮುದ್ರಕ್ಕೆ ಬಿದ್ದು 213 ಮಂದಿ ತೀರಿಕೊಂಡರು. ಮರು ತಿಂಗಳು ಸರ್ಕಾರ ಟಾಟಾ ಅವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. 1992ರಲ್ಲಿ ಭಾರತ ರತ್ನ ಬಂತು. 1993ರ ನವೆಂಬರ್ 29ರಂದು ಅವರು ಜಿನೀವಾದಲ್ಲಿ ನಿಧನರಾದರು.

2022ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತೆ ಟಾಟಾ ಕೈಸೇರಿತು. ಅದೇ ಅಕ್ಟೋಬರ್‌ನಲ್ಲಿ ದುಬೈನಿಂದ ನಮ್ಮ ಬೆಂಗಳೂರಿಗೆ ಎರಡಂತಸ್ತಿನ ಏರ್‌ಬಸ್ ಎ380 ಬರತೊಡಗಿತು. ಆದರೆ ಆ ವಿಮಾನದ ತಯಾರಿಕೆ 2021ರಲ್ಲೇ ನಿಂತುಹೋಗಿತ್ತು.