ಇರುಳು ಬೇಟೆಯ ಜಾರ್ಜ್ ಷೈರಸ್

ಇರುಳಿನಲ್ಲಿ ಜಿಂಕೆಯನ್ನು ಹಿಡಿಯುವ ಒಂದು ಹಳೆಯ ಉಪಾಯ ಉತ್ತರ ಅಮೆರಿಕದ ಓಜಿಬ್ವೆ ಜನರಲ್ಲಿ ರೂಢಿಯಲ್ಲಿತ್ತು. ಹಗುರವಾದ ದೋಣಿಯ ಮುಂತುದಿಯಲ್ಲಿ ಒಂದು ಬಾಣಲೆಯನ್ನಿಟ್ಟು ಅದರಲ್ಲಿ ಬೆಂಕಿ ಉರಿಸುವರು. ಬೇಟೆಗಾರ ಅದರ ಹಿಂದಿನ ಕತ್ತಲೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿರುವನು. ಕೊಳದ ಅಂಚಿಗೆ ಬಂದ ಮೃಗವು ತನ್ನತ್ತ ತೇಲಿಬರುವ ಆ ಬೆಳಕನ್ನೇ ಬೆರಗಿನಿಂದ ನೋಡುತ್ತ ನಿಂತುಬಿಡುತ್ತದೆ. ಅದರ ಕಣ್ಣುಗಳು ಎರಡು ಕೆಂಡಗಳಂತೆ ಹೊಳೆಯುತ್ತವೆ. ಗುರಿಯಿಡಲು ಮತ್ತೇನು ಬೇಕು?

ಈ ಉಪಾಯವನ್ನು ಬಾಲ್ಯದಲ್ಲಿಯೇ ಕಲಿತು, ಅದರಿಂದ ಅನೇಕ ಜಿಂಕೆಗಳನ್ನು ಕೊಂದು, ಮುಂದೊಂದು ದಿನ ಅದೇ ದೋಣಿಯಲ್ಲಿ ಅದೇ ಜಾಗದಲ್ಲಿ ಕುಳಿತು ಬಂದೂಕಿನ ಬದಲು ಕ್ಯಾಮರಾವನ್ನು ಎತ್ತಿದವನು ಜಾರ್ಜ್ ಷೈರಸ್. ಕಾಡುಮೃಗಗಳ ಇರುಳಿನ ಬದುಕನ್ನು ಲೋಕಕ್ಕೆ ಮೊದಲು ತೋರಿಸಿಕೊಟ್ಟವರಲ್ಲಿ ಈತನೇ ಅಗ್ರಗಣ್ಯನು.

ಆತ ಹುಟ್ಟಿದ್ದು ೧೮೫೯ರ ಜನವರಿ ೧ರಂದು, ಪೆನ್ಸಿಲ್ವೇನಿಯ ಪ್ರಾಂತದ ಅಲಿಗೇನಿ ಪಟ್ಟಣದಲ್ಲಿ. ಅನುಕೂಲಸ್ಥರ ಮನೆತನ. ತಾತ, ತಂದೆ, ಮಗ ಮೂವರಿಗೂ ಒಂದೇ ಹೆಸರು. ತಂದೆ ಮುಂದೆ, ೧೮೯೨ರಲ್ಲಿ, ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾದನು. ಮಗನೂ ಕಾರ್ನೆಲ್ ಮತ್ತು ಯೇಲ್ ವಿಶ್ವವಿದ್ಯಾಲಯಗಳಲ್ಲಿ ಓದಿ ನ್ಯಾಯವಾದಿಯಾದನು. ಆದರೆ ಮನಸ್ಸು ನೆಟ್ಟಿದ್ದುದು ಬೇರೆ ಕಡೆ. ಮಿಷಿಗನ್ ಪ್ರಾಂತದ ಉತ್ತರ ಭಾಗದಲ್ಲಿ, ಸುಪೀರಿಯರ್ ಮಹಾಸರೋವರದ ದಡದ ಮಾರ್ಕ್ವೆಟ್ ಊರಿಗೆ ಸಮೀಪವಾಗಿ, ವೈಟ್‌ಫಿಷ್ ಎಂಬ ಸಣ್ಣ ಸರೋವರವಿದೆ. ಹನ್ನೊಂದು ವರ್ಷದ ಹುಡುಗ ೧೮೭೦ರಲ್ಲಿ ಬೇಟೆಯ ಬಿಡಾರಕ್ಕೆಂದು ಅಲ್ಲಿಗೆ ಹೋದವನು ಬಾಳಿನ ಕೊನೆಯವರೆಗೂ ಆ ನೀರಿನ ನಂಟನ್ನು ಬಿಡಲಿಲ್ಲ. ಮದುವೆಯಾದದ್ದೂ ಮಾರ್ಕ್ವೆಟ್ಟಿನ ಹೆಣ್ಣನ್ನೇ.

೧೮೮೯ರ ಸುಮಾರಿಗೆ ಆತನ ಕೈಗೆ ಕ್ಯಾಮರಾ ಬಂತು. ಹಗಲಿನ ಚಿತ್ರಗಳು ಆತನಿಗೆ ತೃಪ್ತಿ ಕೊಡಲಿಲ್ಲ. ಕಾಡು ಎಚ್ಚರವಾಗಿರುವುದು ರಾತ್ರಿಯಲ್ಲಲ್ಲವೇ? ಮೆಗ್ನೀಸಿಯಂ ಪುಡಿಯನ್ನು ಹೊತ್ತಿಸಿ ಕ್ಷಣಮಾತ್ರ ಹಗಲನ್ನು ಸೃಷ್ಟಿಸುವ ವಿದ್ಯೆ ಆಗಷ್ಟೇ ಬಳಕೆಗೆ ಬರುತ್ತಿತ್ತು. ಅದು ನೆಚ್ಚಬಹುದಾದ ಪದಾರ್ಥವಲ್ಲ; ತುಸು ತಪ್ಪಿದರೂ ಕೈಮುಖ ಸುಡುವಂಥದು. ಷೈರಸನು ಅದನ್ನು ದೋಣಿಗೆ ಹೇರಿದನು. ಜೊತೆಗೆ ಜಾನ್ ಹ್ಯಾಮರ್ ಎಂಬ ನೆಚ್ಚಿನ ಸಹಾಯಕನಿದ್ದನು. ದೀಪ ಜಿಂಕೆಯನ್ನು ನಿಲ್ಲಿಸುವುದು. ಹತ್ತಿರವಾದೊಡನೆ ಪುಡಿ ಭುಗ್ಗೆಂದು ಉರಿಯುವುದು. ಗಾಜಿನ ಫಲಕದ ಮೇಲೆ ಚಿತ್ರ ಬೀಳುವುದು. ಎರಡನೆಯ ಕ್ಯಾಮರಾ, ಎರಡನೆಯ ಮಿಂಚು ಇಟ್ಟುಕೊಂಡು, ಮೊದಲ ಬೆಳಕಿಗೆ ಬೆದರಿ ನೆಗೆದ ಜಿಂಕೆಗಳನ್ನು ನೆಗೆತದಲ್ಲಿಯೇ ಹಿಡಿದನು. ಮೃಗಗಳು ನಡೆಯುವ ದಾರಿಗೆ ದಾರ ಕಟ್ಟಿ, ದಾರ ಎಳೆದ ಪ್ರಾಣಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ್ದೂ ಉಂಟು. ಈ ಇರುಳಿನ ಚಿತ್ರಗಳಿಗೆ ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು.

ಬೇಟೆಯ ಬುದ್ಧಿ ಆತನಿಂದ ತೊಲಗಿತೆಂದು ಹೇಳುವಂತಿಲ್ಲ. ಹೊಂಚು ಅದೇ, ತಾಳ್ಮೆ ಅದೇ, ಗುರಿ ತಾಗಿದಾಗಿನ ಹಿಗ್ಗೂ ಅದೇ. ನಟ್ಟಿರುಳಿನಲ್ಲಿ ಕಣ್ಣು ಕೋರೈಸುವ ಆ ಸಿಡಿಲಿಗೆ ಮೃಗಗಳು ಎಷ್ಟು ತಲ್ಲಣಿಸಿರಬೇಕು ಎಂದು ಇಂದಿನ ನಮಗೆ ತೋರದಿರದು. ಆದರೆ ಸಿಡಿಲು ಆರಿದ ಮೇಲೆ ಅವು ಕಾಡಿಗೆ ಜೀವಸಹಿತ ಮರಳಿದವು.

ದೀಪದ ಉಪಾಯಕ್ಕಿಂತ ಬೇರೊಂದು ಬಗೆಯ ತಾಳ್ಮೆಯನ್ನು ಬೇಡಿದ ಪ್ರಾಣಿ ಮೂಸ್. ಜಿಂಕೆಯ ಕುಲದಲ್ಲೆಲ್ಲ ಅತಿ ದೊಡ್ಡದು ಇದೇ. ನಮ್ಮ ಕಡವೆಯನ್ನು ಕಂಡವರೂ ಇದರ ಮುಂದೆ ಬೆರಗಾಗಬೇಕು. ಬೆಳೆದ ಗಂಡು ಹೆಗಲ ಬಳಿ ಆರಡಿಗೂ ಮಿಕ್ಕು ಎತ್ತರ, ೫೦೦ ಕಿಲೋಗ್ರಾಮಿನಷ್ಟು ತೂಕ. ಅಗಲಿಸಿದ ಅಂಗೈಗಳಂಥ ಕೊಂಬು. ಅಷ್ಟು ದೊಡ್ಡ ಭಾರವನ್ನು ಅದು ಪ್ರತಿ ಚಳಿಗಾಲದಲ್ಲಿಯೂ ಉದುರಿಸಿ ಮತ್ತೆ ಬೆಳೆಸಿಕೊಳ್ಳುತ್ತದೆ. ಜೋಲುಮೂತಿ, ಕೊರಳಡಿ ತೂಗುವ ಚರ್ಮದ ಚೀಲ, ಊರುಗೋಲುಗಳಂಥ ಕಾಲು. ಚೆಲುವೆಂದು ಯಾರೂ ಹೇಳರು. ಆದರೂ ಸಂಜೆಯ ಮಂಜಿನಲ್ಲಿ ಅದು ನೀರಿಗಿಳಿಯುವುದರಲ್ಲಿ ಒಂದು ಪುರಾತನ ಗಾಂಭೀರ್ಯವಿದೆ.

ಬೇಸಗೆಯಲ್ಲಿ ಮೂಸ್ ಸರೋವರಗಳಿಗೆ ಬರುವುದು ನೀರೊಳಗಿನ ಗಿಡಗಳಿಗಾಗಿ. ಮರದ ಚಿಗುರಿನಲ್ಲಿ ಸಾಕಷ್ಟು ದೊರೆಯದ ಉಪ್ಪಿನಂಶ ಅವುಗಳಲ್ಲಿದೆ. ತಲೆಯನ್ನು ಪೂರ್ತಿ ಮುಳುಗಿಸಿ ಮೇಯುತ್ತದೆ. ನೋಡಬಂದವನಿಗೆ ಅದೇ ಅವಕಾಶ: ತಲೆ ನೀರಿನಲ್ಲಿರುವಷ್ಟು ಹೊತ್ತು ಹುಟ್ಟು ಹಾಕಬೇಕು; ತಲೆ ಮೇಲೆದ್ದೊಡನೆ ಕೊರಡಿನಂತೆ ಸ್ತಬ್ಧನಾಗಬೇಕು. ಅದರ ಕಣ್ಣು ಮಂದ. ಕಿವಿ, ಮೂಗು ಬಲು ಚುರುಕು. ಗಾಳಿ ದೋಣಿಯ ಕಡೆಯಿಂದ ಬೀಸಿದರೆ ಅಂದಿನ ಶ್ರಮವೆಲ್ಲ ವ್ಯರ್ಥ.

ಷೈರಸನ ಮಿಷಿಗನ್ನಿನಲ್ಲಿ ಮೂಸ್ ಆ ಹೊತ್ತಿಗೆ ಬಹುಮಟ್ಟಿಗೆ ಅಳಿದುಹೋಗಿತ್ತು. ಅದನ್ನು ಕಾಣಲು ಆತ ಕೆನಡಾದ ನೀರುಗಳಿಗೆ ಹೋಗಬೇಕಾಯಿತು. ಬಳಿಕ ಅಲಾಸ್ಕದ ಕೀನಾಯ್ ಪರ್ಯಾಯದ್ವೀಪಕ್ಕೂ ಹೋದನು. ಅಲ್ಲಿನ ದೈತ್ಯ ಮೂಸ್‌ಗಳ ವೃತ್ತಾಂತ ೧೯೧೨ರಲ್ಲಿ ಪ್ರಕಟವಾಯಿತು. ಆದರೆ ಆತನ ಹೆಸರು ನಿಂತುದು ಯೆಲ್ಲೋಸ್ಟೋನ್ ಉದ್ಯಾನದ ಮೂಸ್‌ಗಳಿಂದ. ೧೯೦೮ರಿಂದಾಚೆಗೆ ಆ ಉದ್ಯಾನದ ಒಳನಾಡಿನಲ್ಲಿ, ಯೆಲ್ಲೋಸ್ಟೋನ್ ನದಿಯ ಮೇಲ್ಕಣಿವೆಯ ಜೌಗಿನಲ್ಲಿ, ಯಾರೂ ಎಣಿಸದಷ್ಟು ಮೂಸ್‌ಗಳು ಬಾಳುತ್ತಿರುವುದನ್ನು ಆತ ಕಂಡು ಚಿತ್ರಿಸಿದನು. ಅವು ಬೇರೆಯೇ ಒಂದು ಉಪಜಾತಿಯೆಂದು ನಿರ್ಣಯಿಸಿದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ನೆಲ್ಸನ್ ೧೯೧೪ರಲ್ಲಿ ಅದಕ್ಕೆ ಷೈರಸನ ಹೆಸರನ್ನೇ ಇಟ್ಟನು.

ಈ ನಡುವೆ ಆತ ಒಂದು ಅವಧಿಗೆ, ೧೯೦೩ರಿಂದ ೧೯೦೫ರವರೆಗೆ, ಅಮೆರಿಕದ ಕಾಂಗ್ರೆಸ್ಸಿನ ಸದಸ್ಯನಾಗಿದ್ದನು. ವಲಸೆಹಕ್ಕಿ ಒಂದು ಪ್ರಾಂತದ ಸೊತ್ತಲ್ಲ, ಅದರ ರಕ್ಷಣೆ ಕೇಂದ್ರ ಸರ್ಕಾರದ ಹೊಣೆ ಎಂಬ ಮಸೂದೆಯನ್ನು ೧೯೦೪ರಲ್ಲಿ ಮಂಡಿಸಿದನು. ಅದು ಅಂಗೀಕಾರವಾಗಲಿಲ್ಲ. ಮತ್ತೊಮ್ಮೆ ಚುನಾವಣೆಗೂ ಆತ ನಿಲ್ಲಲಿಲ್ಲ. ಆದರೆ ಅಂದು ಬಿತ್ತಿದ್ದು ೧೯೧೩ರಲ್ಲಿ ಕಾಯಿದೆಯಾಗಿ ಮೊಳೆಯಿತು. ಕೆನಡಾದೊಡನೆ ಆದ ಒಪ್ಪಂದವನ್ನು ಆಧರಿಸಿ ೧೯೧೮ರಲ್ಲಿ ಬೇರುಬಿಟ್ಟಿತು. ೧೯೨೦ರಲ್ಲಿ ತಂದೆ ಹಿಂದೆ ಕುಳಿತಿದ್ದ ನ್ಯಾಯಾಲಯವೇ ಅದನ್ನು ಎತ್ತಿಹಿಡಿಯಿತು.

೧೯೦೬ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಷೈರಸನ ೭೪ ಚಿತ್ರಗಳನ್ನು ಒಟ್ಟಿಗೆ ಅಚ್ಚುಮಾಡಿತು. ವಿದ್ವತ್ಪತ್ರಿಕೆಯನ್ನು ಸಂಪಾದಕ ಗ್ರಾವ್ನರ್ ಚಿತ್ರಪುಸ್ತಕವಾಗಿ ಮಾಡಿಬಿಟ್ಟನೆಂದು ಆಡಳಿತ ಮಂಡಲಿಯ ಇಬ್ಬರು ಸದಸ್ಯರು ಸಿಟ್ಟಿನಿಂದ ರಾಜೀನಾಮೆ ಕೊಟ್ಟರಂತೆ. ವಿದ್ವಾಂಸರ ಸಿಟ್ಟು ಎಲ್ಲ ಕಾಲದಲ್ಲಿಯೂ ಹೀಗೆಯೇ ಇರುತ್ತದೆ. ಓದುಗರು ಮಾತ್ರ ಕೊಂಡಾಡಿದರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ತಾನೂ ದೊಡ್ಡ ಬೇಟೆಗಾರನೇ, ಇದನ್ನೆಲ್ಲ ಗ್ರಂಥವಾಗಿ ಬರೆಯಬೇಕೆಂದು ಷೈರಸನನ್ನು ಒತ್ತಾಯಪಡಿಸಿದನು. ಆ ಗ್ರಂಥ ಎರಡು ಸಂಪುಟಗಳಲ್ಲಿ ಹೊರಬಂದುದು ೧೯೩೫ರಲ್ಲಿ. ರೂಸ್‌ವೆಲ್ಟ್ ತೀರಿಕೊಂಡು ಹದಿನಾರು ವರ್ಷಗಳಾಗಿದ್ದವು.

ಷೈರಸನು ೧೯೪೨ರ ಮಾರ್ಚ್ ೨೪ರಂದು ಮಾರ್ಕ್ವೆಟ್ಟಿನಲ್ಲಿ ಕಾಲವಾದನು. ಆತನ ಹೆಸರಿನ ಮೂಸ್‌ಗೆ ಅಮೆರಿಕದ ಬೇಟೆಗಾರರ ದಾಖಲೆಯಲ್ಲಿ ಇಂದು ಪ್ರತ್ಯೇಕ ವಿಭಾಗವಿದೆ. ಕೊಂದ ಗಂಡುಗಳ ಕೊಂಬಿನ ಅಳತೆಯನ್ನು ಅಲ್ಲಿ ಬರೆದಿಡುತ್ತಾರೆ. ಮಾರ್ಕ್ವೆಟ್ಟಿನ ಕಾಡು ಮಾತ್ರ ಬಹುಕಾಲ ಬರಿದಾಗಿಯೇ ಉಳಿಯಿತು. ೧೯೮೫ರಲ್ಲಿಯೂ ೧೯೮೭ರಲ್ಲಿಯೂ ಕೆನಡಾದ ಅಲ್ಗಾನ್ಕ್ವಿನ್ ಉದ್ಯಾನದಲ್ಲಿ ಒಟ್ಟು ೫೯ ಮೂಸ್‌ಗಳನ್ನು ಹಿಡಿದು, ಹೆಲಿಕಾಪ್ಟರಿನಲ್ಲಿ ತೂಗುಹಾಕಿ ಬಯಲಿಗೆ ತಂದು, ಲಾರಿಗಳಲ್ಲಿ ನೂರಾರು ಮೈಲಿ ಸಾಗಿಸಿ, ಷೈರಸನು ಬಾಳಿದ ಆ ಜಿಲ್ಲೆಯ ಕಾಡಿನಲ್ಲಿಯೇ ಬಿಟ್ಟರು.